ನೋಡದೆ ಹೇಳಬಾರದು

ನಮ್ಮ ಮನೆಯಲ್ಲಿ ಸಂಜೆ ನಡೆಯುವ ಪಾಠಕ್ಕೆ ಒಂದೇ ಕಾಯಿದೆ: ನೋಡದೆ ಹೇಳಬಾರದು. ಉತ್ತರ ಗೊತ್ತಿದ್ದರೂ ಬಾಯಿ ಬಿಡುವಂತಿಲ್ಲ. ಎದ್ದು ಹೋಗಬೇಕು, ಪುಸ್ತಕ ತೆಗೆಯಬೇಕು, ಆ ಸಾಲಿನ ಮೇಲೆ ಬೆರಳಿಡಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಇನ್ನೊಂದು ಪುಸ್ತಕ ತೆಗೆದು ಅಲ್ಲಿಯೂ ಬೆರಳಿಡಬೇಕು. ಎರಡೂ ಕಡೆ ಒಂದೇ ಮಾತು ಇದ್ದರೆ ಅದು ಉತ್ತರ. ಇಲ್ಲದಿದ್ದರೆ ಅದು ಇನ್ನೂ ಪ್ರಶ್ನೆಯೇ.

ನಾನು ಭೂಗೋಳ ಕಲಿಸುತ್ತಿದ್ದ ಮಾಸ್ತರಣಿ. ನಿವೃತ್ತಿಯಾದ ಮೇಲೆ ಹುಬ್ಬಳ್ಳಿ-ಧಾರವಾಡದ ನಡುವಿನ ಬೈರಿದೇವರಕೊಪ್ಪದಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಮನೆಯ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಎರಡು ಚಾಪೆ ಹಾಸಿ, ಗೋಡೆಗೆ ಕಪಾಟು ಇಡಿಸಿಕೊಂಡು ಓಣಿಯ ಮಕ್ಕಳಿಗೆ ಸಾಮಾನ್ಯ ಜ್ಞಾನ ಹೇಳಿಕೊಡುತ್ತೇನೆ. ಕಪಾಟಿನಲ್ಲಿ ನಕಾಶೆಗಳಿವೆ, ಶಬ್ದಕೋಶಗಳಿವೆ, ಬೆನ್ನು ಕಿತ್ತುಹೋದ ವಿಶ್ವಕೋಶದ ಕೆಲವು ಸಂಪುಟಗಳಿವೆ, ಪಂಚಾಂಗ ಇದೆ, ಬೇರೆ ಬೇರೆ ತರಗತಿಯ ಪಠ್ಯಪುಸ್ತಕಗಳಿವೆ. ಮೊಬೈಲೂ ನಡೆಯುತ್ತದೆ. ನಾನು ಮೊಬೈಲಿನ ವೈರಿ ಅಲ್ಲ. ಆದರೆ ಅದನ್ನು ಒಂದು ಕಡೆ ಎಂದಷ್ಟೇ ಲೆಕ್ಕ ಹಿಡಿಯುತ್ತೇನೆ. ಇನ್ನೊಂದು ಬೆರಳು ಬೇರೆ ಎಲ್ಲಾದರೂ ಇರಬೇಕು.

ಧಾರವಾಡ ಅಂದರೆ ಸ್ಪರ್ಧಾತ್ಮಕ ಪರೀಕ್ಷೆಯ ಊರು. ಬಸ್ಸು ಇಳಿದರೆ ಸಾಕು, ಕೋಚಿಂಗ್ ಕ್ಲಾಸಿನ ಬೋರ್ಡುಗಳೇ ಸ್ವಾಗತ ಮಾಡುತ್ತವೆ. ಚಹಾ ಅಂಗಡಿಯಲ್ಲಿ ನಿಂತ ಹುಡುಗರು ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಉತ್ತರ ಉದುರಿಸುತ್ತಾರೆ. ಉದ್ದದ ನದಿ, ಎತ್ತರದ ಶಿಖರ, ಮೊದಲ ಮಹಿಳೆ, ಎರಡನೆಯ ಆಯೋಗ. ಅವರ ಬಗ್ಗೆ ನನಗೆ ಕನಿಕರವಿದೆ, ಏಕೆಂದರೆ ಅವರಿಗೆ ನೌಕರಿ ಬೇಕು. ಆದರೆ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇನ್ನೂ ನೌಕರಿಯ ಚಿಂತೆ ಇಲ್ಲ. ಅವರಾದರೂ ನಿಧಾನವಾಗಿ ತಿಳಿದುಕೊಳ್ಳಲಿ ಎಂಬುದು ನನ್ನ ಹಟ. ಬೇಗ ಹೇಳಿದವನಿಗೆ ನನ್ನಲ್ಲಿ ಶಾಬಾಸ್‌ಗಿರಿ ಇಲ್ಲ.

ಈ ಕಾಯಿದೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಅಲ್ಲಿನ ಹೆಡ್‌ಮಾಸ್ತರರ ದನಿ ಬಹಳ ದೊಡ್ಡದು. ಒಂದು ದಿನ ರಸಪ್ರಶ್ನೆಯಲ್ಲಿ ಒಬ್ಬ ಹುಡುಗಿ ಬಾವಲಿ ಪಕ್ಷಿಯಲ್ಲ ಅಂದಳು. ಹೆಡ್‌ಮಾಸ್ತರರು ಎದ್ದು ನಿಂತು, "ಹಾರತೈತಿ ಅಂದಮ್ಯಾಲೆ ಅದು ಪಕ್ಷೀನ" ಎಂದು ಗರ್ಜಿಸಿದರು. ಇಡೀ ಶಾಲೆ ಚಪ್ಪಾಳೆ ಹೊಡೆಯಿತು. ನಾನು ವಿಜ್ಞಾನದ ಪುಸ್ತಕ ತಂದು, ಬಾವಲಿ ಮರಿಗೆ ಹಾಲೂಡಿಸುತ್ತದೆ ಎಂಬ ಸಾಲಿನ ಮೇಲೆ ಬೆರಳಿಟ್ಟು ಅವರ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ತಣ್ಣಗೆ, "ಈ ಪುಸ್ತಕದವ್ರು ತಪ್ಪು ಅಚ್ಚು ಹಾಕ್ಯಾರ್ರಿ" ಅಂದರು.

ಮರುದಿನ ನಾನು ಧಾರವಾಡದಿಂದ ಇನ್ನೊಂದು ಪುಸ್ತಕ ಹೊತ್ತುಕೊಂಡು ಹೋದೆ. ಎರಡು ಬೆರಳು ನೋಡಿದ ಮೇಲೆ ಅವರ ದನಿ ಇಳಿಯಿತು, ಆ ಹುಡುಗಿಗೆ ಬಹುಮಾನ ಸಿಕ್ಕಿತು. ದೊಡ್ಡ ದನಿಗೆ ಮದ್ದು ಇನ್ನೂ ದೊಡ್ಡ ದನಿಯಲ್ಲ, ಎರಡನೆಯ ಪುಸ್ತಕ ಎಂದು ಅಂದೇ ತಿಳಿಯಿತು. ಅಲ್ಲಿಂದ ಮುಂದೆ ನಾನು ಕಲಿಸಿದ ಶಾಲೆಗಳಲ್ಲೆಲ್ಲ ಇದೇ ಪದ್ಧತಿ ನಡೆಸಿದೆ.

ಹೀಗಿರುವಾಗ ಈಚೆಗೆ ಮಗಳು ನನ್ನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದಳು. ಕಾರಣ ಬದನೆಕಾಯಿ. ನಾನು ಸಂತೆಯಿಂದ ಎಳೆಯ ಬದನೆಕಾಯಿ ತಂದಿದ್ದೆ. ಮರುದಿನವೂ ತಂದೆ. ಅದರ ಮರುದಿನವೂ ಚೀಲ ತುಂಬಿಕೊಂಡು ಬಂದಾಗ ಮಗಳು ಫ್ರಿಜ್ಜಿನ ಬಾಗಿಲು ತೆರೆದು ತೋರಿಸಿದಳು. ಒಳಗೆ ಬದನೆಕಾಯಿ ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ. "ಎಣ್ಣಿಗಾಯಿ ಅಂದ್ರ ನನಗ ಪ್ರಾಣ, ಅದಕ್ಕ ತಂದೆ" ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಸಣ್ಣ ವಯಸ್ಸಿನವರು. ಒಳ್ಳೆಯ ಹುಡುಗ, ಮಾತೂ ಮೆತ್ತಗೆ. ಮಗಳನ್ನು ಪಕ್ಕದ ಕುರ್ಚಿಯಲ್ಲಿ ಕೂಡಿಸಿ ನನ್ನ ಕಡೆ ತಿರುಗಿದರು.

"ಅಜ್ಜೀ, ಇವತ್ತ ತಾರೀಖು ಎಷ್ಟ್ರಿ?"

ನಾನು ಗೋಡೆಯ ಕಡೆ ತಿರುಗಿದೆ. "ಕ್ಯಾಲೆಂಡರ್ ಎಲ್ಲಿ ಹಾಕೀರಿ?"

"ಕ್ಯಾಲೆಂಡರ್ ಬ್ಯಾಡ್ರಿ. ನೋಡಲಾರದ ಹೇಳ್ರಿ."

"ನೋಡಲಾರದ ಹೇಳೂದು ನಮ್ಮ ಪದ್ಧತಿ ಅಲ್ರಿ" ಅಂದೆ.

ಅವರು ಏನೋ ಬರೆದುಕೊಂಡರು. ಈಗ ಯಾವ ಕಾಲ, ಇದು ಯಾವ ವಾರ ಎಂದು ಕೇಳುತ್ತ ಹೋದರು. ನನಗೆ ಸಿಟ್ಟು ಬಂತು. ಜೀವಮಾನವೆಲ್ಲ ಪ್ರಶ್ನೆ ಕೇಳಿದವಳು ನಾನು, ಪ್ರಶ್ನೆ ಕೇಳುವ ರೀತಿ ನನಗೆ ಗೊತ್ತಿದೆ. ಪುಸ್ತಕ ಕೊಡದೆ, ಪೇಪರ್ ಕೊಡದೆ, ಗೋಡೆ ಖಾಲಿ ಇಟ್ಟುಕೊಂಡು ಪ್ರಶ್ನೆ ಕೇಳಿದರೆ ಅದು ಎಂಥ ಪ್ರಶ್ನೆ? ಆಮೇಲೆ ಅವರು ಮೂರು ಶಬ್ದ ಹೇಳಿ, ನೆನಪಿಟ್ಟುಕೊಳ್ಳಿ, ಕೊನೆಗೆ ಕೇಳುತ್ತೇನೆ ಅಂದರು. "ಹಂಗಾರ ಪೆನ್ ಕೊಡ್ರಿ, ಬರಕೋತೇನಿ" ಅಂದೆ. ಬರೆಯುವಂತಿಲ್ಲವಂತೆ. ಕೊನೆಗೆ ಕೇಳಿದಾಗ ನಾನು ಕೈಕಟ್ಟಿ ಕುಳಿತೆ.

ಡಾಕ್ಟರು ಮಗಳಿಗೆ ಹೇಳಿದ್ದು ಇಷ್ಟು: ಮರೆವಿನ ಕಾಯಿಲೆ ಶುರುವಾದಂತಿದೆ, ಜಾಗ್ರತೆಯಾಗಿ ನೋಡಿಕೊಳ್ಳಿ, ಒಬ್ಬರನ್ನೇ ಹೊರಗೆ ಬಿಡಬೇಡಿ. ನಾನು ನಾಪಾಸಾದ ಮೊದಲ ಪರೀಕ್ಷೆ ಅದು. ಆಟೋದಲ್ಲಿ ಬರುವಾಗ ಮಗಳ ಮುಂದೆ ಆ ಹುಡುಗ ಡಾಕ್ಟರನ್ನು ಚೆನ್ನಾಗಿ ಝಾಡಿಸಿದೆ. ಪದ್ಧತಿಯ ಬೆಲೆ ಗೊತ್ತಿಲ್ಲದವನು ಎಂದೆ. ಅವಳು ಡಾಕ್ಟರು ಕೊಟ್ಟ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಆದರೆ ಒಂದು ಮಾತು ಅವಳಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಕ್ಯಾಲೆಂಡರ್ ಹುಡುಕಿ ಕತ್ತು ತಿರುಗಿಸಿದ್ದು ರೂಢಿಯಿಂದ. ಅದು ಖರೆ. ಆದರೆ ಡಾಕ್ಟರು ಬೇಡ ಅಂದಾಗ, ಸರಿ, ಇವನ ಬಾಯಿ ಮುಚ್ಚಿಸಿಬಿಡೋಣ ಎಂದು ಒಳಗೆ ಕೈ ಹಾಕಿ ತಾರೀಖು ಹುಡುಕಿದೆ. ಸಿಗಲಿಲ್ಲ. ಅದರ ಹಿಂದುಮುಂದಿನ ತಾರೀಖೂ ಸಿಗಲಿಲ್ಲ. ಆಗ ನನಗೆ ಬಹಳ ಹೆದರಿಕೆಯಾಯಿತು. ಕೈಕಟ್ಟಿ ಕುಳಿತದ್ದು ಹಟದಿಂದ ಎಷ್ಟೋ, ಹೆದರಿಕೆಯಿಂದಲೂ ಅಷ್ಟೇ.

ಮನೆಗೆ ಬಂದ ಮೇಲೆ ಮಗಳು ಕೆಳಗಿನ ಚಾಪೆ ಸುತ್ತತೊಡಗಿದಳು.

"ಯಾಕ ಅದನ್ನ ಸುತ್ತಾಕತ್ತಿ?" ಅಂದೆ.

"ಅವ್ವಾ, ಪಾಠ ಸಾಕಿನ್ನ. ನೀ ಆರಾಮ ತಗೋ."

"ಆರಾಮ ತಗೊಂಡು ಏನ್ ಮಾಡ್ಲಿ? ಫ್ರಿಜ್ ನೋಡಕೋತ ಕುಂದರ್ಲೇನು?"

ಅವಳು ನನ್ನ ಎದುರಿಗೆ ಬಂದು ಕುಳಿತಳು. ನನ್ನ ಮಗಳು ಅಳುವ ಪೈಕಿ ಅಲ್ಲ. ವಿಷಯ ಏನಿದೆಯೋ ಅದನ್ನು ನೇರ ಮುಂದಿಡುವವಳು. "ನೀ ಒಂದ ದಿನ ಏನರ ತಪ್ಪು ಹೇಳ್ತಿ ಅವ್ವಾ. ನೀ ಹೇಳಿದ್ದಿ ಅಂತ ಆ ಹುಡುಗ್ರು ಅದನ್ನ ಬರಕೋತಾರ. ಪರೀಕ್ಷಾದಾಗೂ ಅದನ್ನ ಬರೀತಾರ. ಅವರ ಅಪ್ಪ ಅವ್ವ ಬಂದು ಕೇಳಿದ್ರ ಏನ್ ಹೇಳೂಣು? ನಿನ್ನ ಬಗ್ಗೆ ಜನ ಒಂದ ಮಾತ ಆಡೂದು ನನಗ ಬ್ಯಾಡ. ಇಷ್ಟು ವರ್ಷ ಮರ್ಯಾದಿಲೆ ಕಲಿಸಿದಿ. ಮರ್ಯಾದಿಲೇನ ನಿಲ್ಲಿಸು."

ಅವಳು ಹೇಳಿದ್ದು ಪ್ರೀತಿಯಿಂದ, ಅದು ಇನ್ನೂ ಕಷ್ಟ. ಸಿಟ್ಟಿನ ಮಾತಾಗಿದ್ದರೆ ನಾನು ಎರಡು ಮಾತು ಹೆಚ್ಚೇ ಆಡಿ ಗೆಲ್ಲುತ್ತಿದ್ದೆ. ಆ ಸಂಜೆ ಮಕ್ಕಳು ಬಂದಾಗ ಗೇಟಿಗೆ ಅವಳೇ ಹೋದಳು. ನಾನು ಮೇಲೆ ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡೆ.

ಮಕ್ಕಳ ಮುಂದೆ ನಿಂತವಳು ಹಿಟ್ಟಿನ ಗಿರಣಿಯವರ ಮಗಳು, ಒಂಬತ್ತನೆಯ ತರಗತಿ. ನನ್ನ ಪಾಠಕ್ಕೆ ಬರುವವರಲ್ಲಿ ಅತಿ ಹೆಚ್ಚು ತಕರಾರು ಮಾಡುವವಳು. ನಾನು ಹೂಂ ಅಂದರೆ ಅವಳು ಯಾಕೆ ಅನ್ನುತ್ತಾಳೆ. ಒಮ್ಮೆ ವಿಶ್ವಕೋಶವನ್ನೇ ತಪ್ಪು ಹಿಡಿಯಲು ಹೋಗಿ ಇಡೀ ವಾರ ನಮ್ಮ ಕಪಾಟು ಉಲ್ಟಾ ಪಲ್ಟಾ ಮಾಡಿದ್ದಳು.

"ಅಕ್ಕೋರಿಗೆ ಏನಾಗೈತ್ರಿ?" ಎಂದು ಕೇಳಿದಳು.

"ಆರಾಮಿಲ್ಲವ್ವಾ. ಇನ್ನಮ್ಯಾಲೆ ಪಾಠ ಇರಂಗಿಲ್ಲ."

"ಯಾರ್ ಹೇಳ್ಯಾರ್ರಿ?"

"ಡಾಕ್ಟರ್ ಹೇಳ್ಯಾರ."

"ಒಬ್ಬರ ಹೇಳ್ಯಾರೇನ್ರಿ?" ಆ ಹುಡುಗಿ ಗೇಟಿನ ಸರಳು ಹಿಡಿದುಕೊಂಡೇ ನಿಂತಿದ್ದಳು. "ಇನ್ನೊಬ್ಬರು ಏನಂದಾರ್ರಿ?"

ಮಗಳು ಕತ್ತೆತ್ತಿ ನನ್ನ ಕಡೆ ನೋಡಿದಳು. ನಾನು ಮೇಲಿನಿಂದಲೇ ಜೋರಾಗಿ ನಕ್ಕುಬಿಟ್ಟೆ. ಇಷ್ಟು ದಿನ ಮಕ್ಕಳಿಗೆ ಬಡಿದು ಬಡಿದು ಹೇಳಿದ್ದನ್ನು ನನ್ನ ವಿಷಯಕ್ಕೆ ನಾನೇ ಅನ್ವಯಿಸಿರಲಿಲ್ಲ. ಕೆಳಗೆ ಇಳಿದು ಬಂದು, "ನಾಳೆ ಧಾರವಾಡಕ್ಕ ಹೋಗೂಣು. ಅಲ್ಲಿ ಇನ್ನೊಬ್ಬ ಡಾಕ್ಟರ್ ಅದಾರ. ಅವರೂ ಇದನ್ನ ಹೇಳಿದ್ರ ನಾ ತಕರಾರು ಮಾಡಂಗಿಲ್ಲ" ಎಂದು ಮಗಳಿಗೆ ಹೇಳಿದೆ.

ಧಾರವಾಡದ ಡಾಕ್ಟರು ವಯಸ್ಸಾದ ಹೆಂಗಸು. ಈ ಸಲ ನಾನು ಬೆಳಿಗ್ಗೆಯೇ ಕ್ಯಾಲೆಂಡರ್ ನೋಡಿಕೊಂಡು ತಯಾರಾಗಿ ಹೋಗಿದ್ದೆ. ಪದ್ಧತಿಯನ್ನು ಮನೆಯಲ್ಲೇ ಬಿಟ್ಟು, ಅವರು ಕೇಳಿದ್ದಕ್ಕೆಲ್ಲ ನೋಡದೆಯೇ ಉತ್ತರ ಹೇಳುವುದು ಎಂದು ನಿರ್ಧರಿಸಿದ್ದೆ. ತಾರೀಖು ಹೇಳಿದೆ. ವಾರ, ತಿಂಗಳು ಹೇಳಿದೆ. ಊರು, ಜಿಲ್ಲೆ, ರಾಜ್ಯ ಹೇಳಿದೆ. ಬೇಕಾದರೆ ಅಕ್ಷಾಂಶ ರೇಖಾಂಶವನ್ನೂ ಹೇಳುತ್ತೇನೆ ಅಂದೆ. ಅವರು ನಕ್ಕು, ಅಷ್ಟು ಬೇಡ ಅಂದರು. ಗಡಿಯಾರದ ಚಿತ್ರ ಬಿಡಿಸಲು ಹೇಳಿದರು, ಬಿಡಿಸಿದೆ. ಮಗಳ ಮುಖದಲ್ಲಿ ಬೆಳಕು ಬರುತ್ತಿದ್ದುದು ಕಾಣಿಸಿತು.

ಅವರೂ ಮೂರು ಶಬ್ದ ಕೊಟ್ಟಿದ್ದರು. ಕೊನೆಗೆ ಕೇಳಿದರು.

"ಕುರ್ಚಿ" ಅಂದೆ. "ಮಾವಿನಹಣ್ಣು" ಅಂದೆ.

ಮೂರನೆಯದು ಬರಲಿಲ್ಲ. ಅವರು ಕಾಯ್ದರು. ಮಗಳು ಕಾಯ್ದಳು. ನಾನು ಒಳಗೆಲ್ಲ ಹುಡುಕಿದೆ. ಮೂರು ಶಬ್ದ ಹೇಳುವಾಗ ಅವರ ತುಟಿ ಅಲುಗಾಡಿದ್ದು ನೆನಪಿತ್ತು, ಅವರ ಬಳೆ ನೆನಪಿತ್ತು, ಆ ಶಬ್ದ ಮಾತ್ರ ಇರಲಿಲ್ಲ. ಯಾವ ಕಪಾಟಿನಲ್ಲಿ ಹುಡುಕಿದರೂ ಸಿಗದ ಪದ ಅದು.

"ಇಲ್ರಿ, ಬರವಲ್ದು" ಅಂದೆ.

ಡಾಕ್ಟರಮ್ಮ ಕಾಗದ ಪಕ್ಕಕ್ಕಿಟ್ಟರು. ನನಗೆ ಒಂದು, ಮಗಳಿಗೆ ಒಂದು ಹೇಳುವವರಲ್ಲ ಅವರು. ನನ್ನ ಕಡೆಯೇ ನೋಡಿ ಹೇಳಿದರು: "ನಿಮ್ಮ ಬುದ್ಧಿ ಛಲೋ ಐತ್ರಿ. ಆದ್ರ ಮರವು ಸ್ವಲ್ಪ ಶುರುವಾಗೈತಿ, ಇಲ್ಲ ಅನ್ನಾಕ ಬರಂಗಿಲ್ಲ. ಮುಂದ ಲಗೂ ಹೋಗತೈತೋ, ಸಾವಕಾಶ ಹೋಗತೈತೋ ಈಗ ಹೇಳಾಕ ಆಗೂದಿಲ್ಲ. ಔಷಧ ತಗೋರಿ. ಮಾಡೂ ಕೆಲಸ ಮಾತ್ರ ಬಿಡಬ್ಯಾಡ್ರಿ."

ಎರಡು ಕಡೆ ಒಂದೇ ಮಾತು ಬಂದಿತ್ತು. ಇನ್ನು ಅದು ಪ್ರಶ್ನೆಯಲ್ಲ, ಉತ್ತರ. ನನ್ನದೇ ಕಾಯಿದೆ, ತಕರಾರು ಮಾಡುವುದು ಹೇಗೆ? ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕುಳಿತಾಗ ನನಗೆ ಅಳು ಬಂತು. ಅತ್ತೆ. ಮಗಳು ಕೈ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಅಲ್ಲೇ ಚುರುಮುರಿಯ ಗಿರಮಿಟ್ಟು ತಿಂದು, ಮೇಲೆ ಚಹಾ ಕುಡಿದೆವು. ಖಾರ ಜಾಸ್ತಿಯಿತ್ತು, ಅಳುವುದಕ್ಕೆ ಬೇರೆ ನೆಪವೂ ಸಿಕ್ಕಿತು.

ಬಸ್ಸಿನಲ್ಲಿ ನಾನೇ ಮಾತು ತೆಗೆದೆ. "ಕೆಲಸ ಬಿಡಬ್ಯಾಡ್ರಿ ಅಂದಾರ."

"ಕೇಳೇನಿ."

"ಮತ್ತ?"

ಅವಳು ನನ್ನ ಕಡೆ ತಿರುಗಿ ಕುಳಿತಳು. "ನಾ ಕುಂತ ನೋಡ್ತೇನಿ ಅವ್ವಾ. ನಿನ್ನ ಬಾಯಾಗ ಒಂದ ತಪ್ಪ ಬಂದ್ರೂ ಪಾಠ ಅವತ್ತಿಗೇ ಕಾಯಂ ಬಂದ್. ಒಪ್ಪೇನು?"

ಒಪ್ಪಿದೆ. ಬೇರೆ ದಾರಿ ಇರಲಿಲ್ಲ. ಆ ಚಾಪೆಯ ಮೇಲೆ ಕುಳಿತಾಗ ಮಾತ್ರ ನಾನು ನಾನಾಗಿರುತ್ತೇನೆ. ಅದನ್ನೂ ಸುತ್ತಿಟ್ಟರೆ ಮೇಲೆ ಮನೆಯಲ್ಲಿ ಉಳಿಯುವವಳು ಮಾತ್ರೆ ನುಂಗುವ ಒಬ್ಬ ಮುದುಕಿ. ಇದು ಮಗಳಿಗೂ ಗೊತ್ತಿತ್ತು.

ಹೇಳಿ ಕಳಿಸಿದ್ದರಿಂದ ಮರುದಿನ ಸಂಜೆ ಮಕ್ಕಳು ಬಂದರು. ಮಗಳು ಬ್ಯಾಂಕಿನಿಂದ ಬೇಗ ಬಂದು ಕಪಾಟಿನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಳು. ಆಗತಾನೇ ಒಂದು ಮಳೆ ಬಿದ್ದು ನಿಂತಿತ್ತು. ಗೇಟಿನ ಮುಂದೆ ಗಟಾರ ತುಂಬಿ ಹರಿಯುತ್ತಿತ್ತು. ಎಂಟನೆಯ ತರಗತಿಯ ಹುಡುಗ ಅದನ್ನು ನೋಡುತ್ತ, "ಅಕ್ಕೋರ, ಈ ನೀರು ಕಡೀಕ ಯಾವ ಸಮುದ್ರಕ್ಕ ಹೋಗತೈತ್ರಿ?" ಎಂದು ಕೇಳಿದ.

ಇಂಥ ಪ್ರಶ್ನೆ ಸಿಕ್ಕರೆ ನನಗೆ ಹಬ್ಬ. ನಮ್ಮ ಕಡೆ ಈ ಪ್ರಶ್ನೆಗೆ ಸಲೀಸಾದ ಉತ್ತರ ಇಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಇರುವುದೇ ನೀರು ಇಬ್ಭಾಗವಾಗುವ ಏರಿನ ಮೇಲೆ. ಬಿದ್ದ ಮಳೆಯಲ್ಲಿ ಒಂದಿಷ್ಟು ಪಶ್ಚಿಮಕ್ಕೆ ಇಳಿದು ಘಟ್ಟ ದಾಟಿ ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದಿಷ್ಟು ಪೂರ್ವಕ್ಕೆ ಹೋಗಿ ಬೆಣ್ಣಿಹಳ್ಳ ಸೇರಿ, ಮಲಪ್ರಭೆಗೆ ಬಿದ್ದು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಮ್ಮ ಗಟಾರ ಯಾವ ಕಡೆಯದು ಎಂದು ತಿಳಿಯಲು ದೊಡ್ಡ ನಕಾಶೆ ಬೇಕು, ಇಳಿಜಾರು ನೋಡಬೇಕು, ಒಂದು ದಿನ ನಡೆಯುತ್ತ ಅದರ ಹಿಂದೆಯೇ ಹೋಗಬೇಕು. ಮಕ್ಕಳು ಚಾಪೆಯ ಮೇಲೆ ನಕಾಶೆ ಹರಡಿದರು. ಒಬ್ಬರ ತಲೆಗೆ ಒಬ್ಬರ ತಲೆ ಡಿಕ್ಕಿ ಹೊಡೆಯಿತು. ನಾನು ಬೆಣ್ಣಿಹಳ್ಳದಿಂದ ಹಿಡಿದು ಒಂದೊಂದೇ ನದಿ ಹುಡುಕಿಸುತ್ತ ಹೋದೆ.

ಮಗಳು ಮುಂದೆ ಬಾಗಿ ನೋಡುತ್ತಿದ್ದಳು. ಅವಳ ಮುಖ ಸಡಿಲವಾಗಿತ್ತು. ಅದನ್ನು ಕಂಡು ನನಗೆ ಉಮೇದು ಬಂತು. ಉಮೇದು ಅಂದರೆ ಎಂಥದು, ತುಸು ಸೊಕ್ಕೇ ಬಂತು. ನನ್ನ ತಲೆಯಲ್ಲಿ ಇನ್ನೂ ಎಷ್ಟಿದೆ ಎಂದು ಅವಳಿಗೆ ತೋರಿಸಬೇಕೆನಿಸಿತು.

"ಮತ್ತ ಈ ಕೃಷ್ಣಾ ಎಲ್ಲಿ ಹುಟ್ಟತಾಳ್ರಿ?" ಎಂದು ಆ ಹುಡುಗ ಕೇಳಿದ.

ಬೇರೆ ದಿನವಾಗಿದ್ದರೆ ಹುಡುಕು ಅನ್ನುತ್ತಿದ್ದೆ. ಅಂದು ಮಗಳ ಕಡೆ ನೋಡುತ್ತ, ಸಲೀಸಾಗಿ, ದೊಡ್ಡ ದನಿಯಲ್ಲಿ, "ತ್ರ್ಯಂಬಕದಾಗ" ಎಂದುಬಿಟ್ಟೆ.

ಗಿರಣಿಯವರ ಮಗಳು ಆಗಲೇ ಎದ್ದಿದ್ದಳು. ಅವಳು ನನ್ನ ಮಾತು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಕಪಾಟಿನಿಂದ ಭೂಗೋಳದ ಪುಸ್ತಕ ತೆಗೆದಳು, ವಿಶ್ವಕೋಶದ ಸಂಪುಟ ತೆಗೆದಳು, ಎರಡನ್ನೂ ನನ್ನ ಮುಂದೆ ತೆರೆದಿಟ್ಟು ಎರಡು ಕೈಯ ಎರಡು ಬೆರಳು ಇಟ್ಟಳು.

"ಮಹಾಬಲೇಶ್ವರ ಐತ್ರಿ ಅಕ್ಕೋರ. ಎರಡೂ ಕಡೆ. ತ್ರ್ಯಂಬಕ ಗೋದಾವರೀದ್ರಿ."

ನಾನು ಓದಿದೆ. ಮಹಾಬಲೇಶ್ವರ. ಎಷ್ಟು ತರಗತಿಗೆ, ಎಷ್ಟು ಮಕ್ಕಳಿಗೆ, ಎಷ್ಟು ಸಲ ನಾನೇ ಕಲಿಸಿದ್ದು. ನನ್ನ ಹೆಸರನ್ನೇ ಮರೆತಂತಾಯಿತು. ತಲೆ ಎತ್ತಿ ಮಗಳ ಕಡೆ ನೋಡುವ ಧೈರ್ಯ ಬರಲಿಲ್ಲ. ಕರಾರು ಕರಾರೇ, ಪಾಠ ಇವತ್ತಿಗೇ ಕಾಯಂ ಬಂದ್.

"ಖರೆ. ನಾ ಹೇಳಿದ್ದು ತಪ್ಪು" ಅಂದೆ.

ಮಗಳು ಕುರ್ಚಿಯಿಂದ ಎದ್ದದ್ದು ಕೇಳಿಸಿತು. ಚಾಪೆ ಸುತ್ತಲು ಬಂದಳು ಅಂದುಕೊಂಡೆ. ಅವಳು ಮಕ್ಕಳ ಹಿಂದೆ ಹೋಗಿ ನಿಂತು, ಒಬ್ಬೊಬ್ಬರ ವಹಿಯೂ ಬಗ್ಗಿ ನೋಡತೊಡಗಿದಳು. ಕೃಷ್ಣಾ ನದಿ ಎಂದು ಬರೆದು ಎಲ್ಲರೂ ಮುಂದೆ ಜಾಗ ಖಾಲಿ ಬಿಟ್ಟಿದ್ದರು. ಪೆನ್ನು ಎಲ್ಲರ ಕೈಯಲ್ಲೂ ಮೇಲೆಯೇ ಇತ್ತು.

"ಅವ್ವ ಹೇಳಿದ್ಲಲ್ಲ, ಯಾಕ ಯಾರೂ ಬರೀಲಿಲ್ಲ ನೀವು?" ಎಂದು ಕೇಳಿದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಇದೆಂಥ ಪ್ರಶ್ನೆ ಎಂಬಂತೆ ಗಿರಣಿಯವರ ಮಗಳೇ ಉತ್ತರ ಕೊಟ್ಟಳು:

"ಅಕ್ಕೋರು ನೋಡಲಾರದ ಹೇಳಿದ್ರಲ್ರಿ."

ಮಗಳು ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಅವಳ ಹೆದರಿಕೆ ಏನಿತ್ತೋ ಅದು ಅವಳ ಕಣ್ಣ ಮುಂದೆಯೇ ನಡೆದುಹೋಗಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಇನ್ನು ಮುಂದೆ ನಾನು ಏನೇನು ಮರೆಯುತ್ತೇನೋ, ಯಾವ ನದಿಯನ್ನು ಯಾವ ಬೆಟ್ಟದಲ್ಲಿ ಹುಟ್ಟಿಸುತ್ತೇನೋ ನನಗೆ ಗೊತ್ತಿಲ್ಲ. ಆದರೆ ನಾನು ಹೇಳಿದೆ ಎಂಬ ಒಂದೇ ಕಾರಣಕ್ಕೆ ಈ ಮಕ್ಕಳು ಅದನ್ನು ನಂಬುವುದಿಲ್ಲ. ಯಾವ ಮಾಸ್ತರಣಿಗೂ ಇಷ್ಟು ನೆಮ್ಮದಿ ಸಿಕ್ಕಿರಲಿಕ್ಕಿಲ್ಲ.

ಮಗಳು ಕುರ್ಚಿಗೆ ಹಿಂತಿರುಗಲಿಲ್ಲ. ಮಕ್ಕಳನ್ನು ಸ್ವಲ್ಪ ಸರಿಸಿ, ಬ್ಯಾಂಕಿನ ಸೀರೆಯಲ್ಲಿಯೇ ಚಾಪೆಯ ಮೇಲೆ ಕುಳಿತು, "ಹೂಂ, ಮುಂದ ನಡೀಲಿ" ಅಂದಳು.